ಪರರ ಬಯಲಿನಲ್ಲಿ ನಮ್ಮ ಸಂತೆ

ಒಳ್ಳೆಯ ಸರಕಿಗೆ ಕೂಗು ಬೇಕಿಲ್ಲವೆಂಬ ಮಾತನ್ನು ನಾನು ಬಹುಕಾಲದಿಂದ ನಂಬಿಕೊಂಡು ಬಂದವನು. ಪದಾರ್ಥ ಚೊಕ್ಕವಾಗಿದ್ದರೆ ಕೊಳ್ಳುವವನು ಹುಡುಕಿಕೊಂಡು ತಾನಾಗಿಯೇ ಬರುತ್ತಾನೆಂದೂ, ಬೀದಿಯಲ್ಲಿ ನಿಂತು ಕೂಗುವವನ ಸರಕಿನಲ್ಲಿ ಏನೋ ಒಂದು ಊನ ಇರಲೇಬೇಕೆಂದೂ ಮೂವತ್ತೆರಡು ವರ್ಷ ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತ ಬಂದೆ. ವ್ಯಾಪಾರವನ್ನು ಒಂದು ದಿನವೂ ಮಾಡದವನಿಗೆ ವ್ಯಾಪಾರದ ವಿಷಯದಲ್ಲಿ ಇಷ್ಟು ದೃಢವಾದ ಅಭಿಪ್ರಾಯವಿರುವುದು ಸ್ವಾಭಾವಿಕವೇ ಸರಿ. ಆ ಅಭಿಪ್ರಾಯವನ್ನು ನನ್ನ ತಂಗಿಯ ಮಗಳು ಈಚಿನ ಮೂರು ವರ್ಷಗಳಲ್ಲಿ, ಒಂದು ದಿನವೂ ಎದುರಾಡದೆ, ಮುರಿದುಹಾಕಿದಳು. ಅದು ಹೇಗೆಂಬುದನ್ನು ಬರೆದರೆ ಸಣ್ಣದೊಂದು ಉದ್ಯಮ ಹಿಡಿದು ಹೊರಟಿರುವ ನಾಲ್ಕು ಜನಕ್ಕಾದರೂ ಉಪಯೋಗವಾದೀತೆಂಬ ಆಸೆಯಿಂದ ಲೇಖನಿ ಹಿಡಿದಿದ್ದೇನೆ.

ನಮ್ಮದು ಸಾಗರದ ಸೀಮೆ. ತಂಗಿಯ ಮಗಳು ಬೆಂಗಳೂರಿನ ಕಚೇರಿಯೊಂದರಲ್ಲಿ ಕೆಲಸದಲ್ಲಿದ್ದವಳು. ಅತ್ತೆಯ ಆರೋಗ್ಯದ ನಿಮಿತ್ತ ಊರಿಗೆ ಮರಳಿದಳು. ಸುಮ್ಮನೆ ಕೂರುವ ಸ್ವಭಾವದವಳಲ್ಲ. ಮನೆಯಲ್ಲಿ ತಲೆಮಾರಿನಿಂದ ನಡೆದುಬಂದ ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಜಾಡಿಗೆ ತುಂಬಿ ಮಾರುತ್ತೇನೆಂದಳು. ನನ್ನ ನಿವೃತ್ತಿವೇತನದ ಉಳಿತಾಯದಿಂದ 40,000 ರೂಪಾಯಿ ಕೊಟ್ಟೆ. ಕೊಡುವಾಗ, “ಸಾಗರದಲ್ಲಿ ಮಿಡಿ ಉಪ್ಪಿನಕಾಯಿ ಮಾರುವುದೆಂದರೆ ಸಮುದ್ರದ ದಂಡೆಯಲ್ಲಿ ಉಪ್ಪು ಮಾರಿದಂತೆ” ಎಂದು ಹೇಳಿಯೇ ಕೊಟ್ಟೆ. ಅವಳು, “ಹೌದು ಮಾವ, ಅದಕ್ಕೇ ಇಲ್ಲಿ ಮಾರುವುದಿಲ್ಲ” ಎಂದಳು.

ಅಪ್ಪೆಮಿಡಿಯೆಂದರೇನೆಂಬುದನ್ನು ಬಯಲುಸೀಮೆಯ ಓದುಗರಿಗೆ ಎರಡು ಮಾತಿನಲ್ಲಿ ಹೇಳಬೇಕು. ಮುಂದಿನ ಮಾತೆಲ್ಲ ಅದರ ಮೇಲೆಯೇ ನಿಂತಿದೆ. ಶರಾವತಿ, ವರದಾ, ಅಘನಾಶಿನಿ, ಕುಮುದ್ವತಿಗಳಂಥ ಹೊಳೆಗಳ ದಂಡೆಯಲ್ಲಿ ತಾನಾಗಿ ಬೆಳೆದ ಕಾಡುಮಾವಿನ ಎಳೆಯ ಕಾಯಿ ಅದು. ಹಣ್ಣಾಗಲು ಬಿಟ್ಟರೆ ಬಾಯಿಗಿಡಲಾಗದಷ್ಟು ಹುಳಿ. ಎಳೆಯದರಲ್ಲಿ ಕಿತ್ತು ಉಪ್ಪಿನಲ್ಲಿಟ್ಟರೆ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ. ಜೀರಿಗೆ, ಕರ್ಣಕುಂಡಲ, ಅನಂತಭಟ್ಟನ ಅಪ್ಪೆ, ಮಾಳಂಜಿ ಎಂದು ಒಂದೊಂದು ಮರಕ್ಕೆ ಒಂದೊಂದು ಹೆಸರು, ಒಂದೊಂದು ಪರಿಮಳ. ಈ ಮಿಡಿಗೆ ಸರಕಾರದ ಭೌಗೋಳಿಕ ಗುರುತು ಕೂಡ ದೊರೆತಿದೆ. ಮಿಡಿಯನ್ನು ತೊಟ್ಟಿನ ಸಮೇತ ಕೀಳಬೇಕು, ನೆಲಕ್ಕೆ ಬೀಳಿಸಬಾರದು. ತೊಟ್ಟಿನ ಸೊನೆಯಲ್ಲಿಯೇ ಅದರ ಕಂಪು. ತೊಟ್ಟು ಮುರಿದು ಸೊನೆ ಸೋರಿದರೆ ಕಂಪೂ ಹೋಯಿತು, ಬಾಳಿಕೆಯೂ ಹೋಯಿತು. ಆದಕಾರಣ ಆಳು ಮರವೇರಿ ಗೊಂಚಲು ಕಿತ್ತು ಚೀಲಕ್ಕೆ ತುಂಬಿ ಹಗ್ಗದಲ್ಲಿ ಮೆಲ್ಲನೆ ಇಳಿಬಿಡುತ್ತಾನೆ. ಇಷ್ಟು ಜತನದಿಂದ ಮಾಡಿದ್ದರ ಗುಣವಿರುವುದು ವಾಸನೆಯಲ್ಲಿ ಮತ್ತು ಹಲ್ಲಿಗೆ ಸಿಕ್ಕಾಗ ಕಟುಮ್ಮೆನ್ನುವ ಸದ್ದಿನಲ್ಲಿ. ದೂರದಲ್ಲಿರುವವನಿಗೆ ಚಿತ್ರದ ಮೂಲಕ ತಲುಪಿಸಲಾಗದ ಗುಣಗಳೇ ಇವೆರಡೂ. ಆದರೂ ಈಕೆ ಆರಿಸಿಕೊಂಡದ್ದು ಚಿತ್ರದ ಸಂತೆಯನ್ನೇ: ಇನ್‌ಸ್ಟಾಗ್ರಾಂ, ಫೇಸ್‌ಬುಕ್, ವಾಟ್ಸ್‌ಆ್ಯಪ್.

ನಾನು ಮೊದಲು ಮೂಗು ಮುರಿದೆನೆನ್ನುವುದನ್ನು ಮುಚ್ಚಿಡಲಾರೆ. ಆದರೆ ಯೋಚಿಸಿ ನೋಡಿದರೆ, ದೂರದ ಅಪರಿಚಿತರಿಗೆ ಸರಕು ಮಾರುವುದು ನಮ್ಮವರಿಗೆ ಹೊಸತೇನೂ ಅಲ್ಲ. ಹಳೆಯ ಕನ್ನಡ ಪತ್ರಿಕೆಗಳ ಕೊನೆಯ ಪುಟಗಳನ್ನು ತಿರುವಿದವರಿಗೆ, ಔಷಧಿಯಾಗಲಿ ಪುಸ್ತಕವಾಗಲಿ ವಿ.ಪಿ.ಪಿ. ಮೂಲಕ ಕಳುಹಿಸಲಾಗುವುದೆಂಬ ಪ್ರಕಟಣೆ ಪರಿಚಿತವೇ. ಮಾಲನ್ನು ಕೈಗೆ ಪಡೆದು ಅಂಚೆಯವನಿಗೆ ಹಣ ಕೊಡುವ ಆ ಏರ್ಪಾಡು, ಕಂಡರಿಯದ ಇಬ್ಬರ ನಡುವಿನ ನಂಬಿಕೆಯ ಸೇತುವೆಯಾಗಿತ್ತು. ಇನ್ನು ಕೂಗುವುದರಲ್ಲಿ ಅವಮಾನವಿದೆಯೆಂದರೆ, ಕನ್ನಡ ಕಾದಂಬರಿಯ ಹಿರಿಯರಾದ ಗಳಗನಾಥರು ತಮ್ಮ ಪುಸ್ತಕಗಳ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ್ದನ್ನು ಏನೆಂದು ಕರೆಯೋಣ? ಅವರ ಪುಸ್ತಕದಲ್ಲಿ ಊನವಿತ್ತೆಂದು ಯಾರೂ ಹೇಳಲಿಲ್ಲ. ಓದುಗ ಎಲ್ಲಿದ್ದಾನೋ ಅಲ್ಲಿಗೆ ಪುಸ್ತಕ ಹೋಗಬೇಕಾಗಿತ್ತು; ಹೊತ್ತರು, ನಡೆದರು. ಇಂದಿನ ಗಿರಾಕಿ ಬೆರಳ ತುದಿಯ ಗಾಜಿನ ಹಿಂದೆ ಕುಳಿತಿದ್ದಾನೆ. ಗಂಟನ್ನು ಅಲ್ಲಿಗೇ ಇಳಿಸಬೇಕು.

ಇಳಿಸುವುದು ಮಾತ್ರ ಸುಲಭವಾಗಲಿಲ್ಲ. ಮೊದಲ ವರ್ಷ ಅವಳು 8000 ಮಿಡಿ ಹಾಕಿ 200 ಜಾಡಿ ಉಪ್ಪಿನಕಾಯಿ ಮಾಡಿದಳು. ಜಾಲತಾಣದ ಮರ್ಮ ಬಲ್ಲವರೆಂದು ಹೇಳಿಕೊಳ್ಳುವ ನೆಂಟರ ಹುಡುಗರು ನಾಲ್ವರು ನಾಲ್ಕು ಉಪದೇಶ ಮಾಡಿದರು. ಒಬ್ಬ, ದಿನಕ್ಕೆ ಮೂರು ಚಿತ್ರ ಹಾಕೆಂದ. ಇನ್ನೊಬ್ಬ, ಈ ವಾರ ಎಲ್ಲರೂ ಹಾಕುವ ಸಿನಿಮಾ ಹಾಡನ್ನೇ ಹಿನ್ನೆಲೆಗೆ ಹಾಕೆಂದ. ಮತ್ತೊಬ್ಬ, ಹಣ ಕೊಟ್ಟರೆ ಹತ್ತು ಸಾವಿರ ‘ಫಾಲೋವರ್ಸ್’ ಒಂದೇ ರಾತ್ರಿಯಲ್ಲಿ ಸಿಗುತ್ತಾರೆಂದ. ಸಭೆಗೆ ಬಾಡಿಗೆ ಜನ ತಂದು ಚಪ್ಪಾಳೆ ತಟ್ಟಿಸುವ ಪದ್ಧತಿ ಅಲ್ಲಿಯೂ ಇದೆಯೆಂದು ನನಗೆ ಆಗ ತಿಳಿಯಿತು. ನಾಲ್ಕನೆಯವನ ಉಪದೇಶ, ಜಾಡಿಯ ಪಕ್ಕದಲ್ಲಿ ಅವಳು ರೇಷ್ಮೆ ಸೀರೆ ಉಟ್ಟು ನಗುತ್ತ ನಿಲ್ಲಬೇಕೆಂಬುದಾಗಿತ್ತು. ಮೂರನೆಯದನ್ನು ಬಿಟ್ಟು ಉಳಿದುದನ್ನೆಲ್ಲ ಅವಳು ಮಾಡಿದಳು. ಎರಡು ತಿಂಗಳಲ್ಲಿ ಮಾರಿದ್ದು ಹದಿನೇಳು ಜಾಡಿ. ಅದರಲ್ಲಿ ಒಂಬತ್ತು ನೆಂಟರಿಗೆ.

ಒಂದು ದಿನ ಅವಳು ಹಾಡೂ ಇಲ್ಲದೆ, ಸೀರೆಯೂ ಇಲ್ಲದೆ, ಅಡಿಗೆಮನೆಯ ಕಿಟಕಿಯ ಬೆಳಕಿನಲ್ಲಿ ಅಂಗೈಯ ಮೇಲೆ ಎರಡು ಮಿಡಿ ಇಟ್ಟು, ಒಂದಕ್ಕೆ ತೊಟ್ಟಿದೆ, ಇನ್ನೊಂದಕ್ಕೆ ಇಲ್ಲ, ಇದರಿಂದ ಏನು ವ್ಯತ್ಯಾಸ ಎಂದು ನಮ್ಮ ಮನೆಯಲ್ಲಾಡುವ ಕನ್ನಡದಲ್ಲಿಯೇ ಮುಕ್ಕಾಲು ನಿಮಿಷ ಹೇಳಿದಳು. ಆ ದಿನ ಹನ್ನೊಂದು ಮಂದಿ ಪ್ರಶ್ನೆ ಕೇಳಿದರು. ಹುಬ್ಬಳ್ಳಿಯಿಂದ ಒಬ್ಬರು, ತಮ್ಮ ತಾಯಿ ಹಾಕುತ್ತಿದ್ದ ಮಿಡಿ ಆರು ತಿಂಗಳಿಗೇ ಮೆತ್ತಗಾಗುತ್ತಿತ್ತು, ಕಾರಣ ಇದೇ ಇರಬಹುದೇ ಎಂದರು. ಪುಣೆಯಲ್ಲಿ ನೆಲೆಸಿದ ಕನ್ನಡಿತಿಯೊಬ್ಬರು, ಉಪ್ಪುನೀರಿನಲ್ಲಿ ಎಷ್ಟು ದಿನವಿಡುತ್ತೀರಿ ಎಂದರು. ಅವಳು ಒಬ್ಬೊಬ್ಬರಿಗೂ ಕುಳಿತು ಉತ್ತರ ಬರೆದಳು. ಕೇಳಿದ ಹನ್ನೊಂದರಲ್ಲಿ ಏಳು ಮಂದಿ ಕೊಂಡರು.

ಅವಳ ಕಲಿಕೆ ಆರಂಭವಾದದ್ದು ಅಂದು. ಚಿತ್ರ ವಾಸನೆಯನ್ನು ಒಯ್ಯಲಾರದು, ತಿಳಿವನ್ನು ಒಯ್ಯಬಲ್ಲುದು. ಮಾಡುವವಳಿಗೆ ತನ್ನ ಕೆಲಸ ಗೊತ್ತಿದೆಯೆಂಬುದು ಕಂಡರೆ ರುಚಿಯನ್ನು ಗಿರಾಕಿ ಊಹಿಸಿಕೊಳ್ಳುತ್ತಾನೆ. ನಾನು ಇಷ್ಟು ಕಾಲ ಕೂಗನ್ನು ಹಳಿಯುತ್ತಿದ್ದೆನಲ್ಲ, ಸಂತೆಯಲ್ಲಿ ಕೂಗಿಗಿಂತ ಹೆಚ್ಚಿನದೊಂದಿದೆ, ಅದು ಓಗೊಡುವುದು. ನಮ್ಮ ಊರಿನ ಹಳೆಯ ಜವಳಿ ಅಂಗಡಿಯವರು ಗಿರಾಕಿ ಹೊಸ್ತಿಲು ತುಳಿದೊಡನೆ ಬಟ್ಟೆ ಬಿಚ್ಚುತ್ತಿರಲಿಲ್ಲ. ಮದುವೆ ಯಾರದು, ಹುಡುಗಿಯ ಬಣ್ಣವೇನು ಎಂದು ವಿಚಾರಿಸುತ್ತಿದ್ದರು. ಆ ವಿಚಾರಣೆಯೇ ಅರ್ಧ ವ್ಯಾಪಾರವಾಗಿತ್ತು. ಜಾಲತಾಣದಲ್ಲಿ ವ್ಯಾಪಾರ ಮಾಡಹೊರಟ ಬಹುಮಂದಿ ಕೂಗುವುದನ್ನಷ್ಟೇ ಕಲಿಯುತ್ತಾರೆ. ಕೇಳಿದವನಿಗೆ ಓಗೊಡುವುದನ್ನು ಮರೆಯುತ್ತಾರೆ. ಬೆಲೆ ಕೇಳಿದರೆ ಬೆಲೆ ಹೇಳದೆ ‘ಖಾಸಗಿಯಾಗಿ ತಿಳಿಸುತ್ತೇವೆ’ ಎಂದು ಬರೆಯುವ ಅಂಗಡಿಗಳನ್ನು ನೋಡಿದಾಗಲೆಲ್ಲ, ತಕ್ಕಡಿಯನ್ನು ಮೇಜಿನ ಕೆಳಗೆ ಹಿಡಿಯುವವರ ನೆನಪು ನನಗೆ ಬರುತ್ತದೆ.

ಮುಂದಿನ ಕಲಿಕೆಯೆಲ್ಲ ಸಣ್ಣ ಸಣ್ಣದು. ಆದರೆ ಉದ್ಯಮವೆಂಬುದು ಸಣ್ಣ ಸಣ್ಣದರ ಮೊತ್ತವೇ. ಒಂದು ಚಿತ್ರದಲ್ಲಿ ಒಂದೇ ವಿಷಯ. ಹಗಲ ಬೆಳಕಿಗೆ ಮಿಗಿಲಾದ ದೀಪವಿಲ್ಲ. ತೂಕ, ಬೆಲೆ, ಅಂಚೆಯ ಖರ್ಚು, ತಯಾರಿಸಿದ ತಿಂಗಳು ಇವು ಕೇಳುವ ಮೊದಲೇ ಕಾಣಬೇಕು. ತಿನ್ನುವ ಪದಾರ್ಥವಾದ್ದರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ ಹದಿನಾಲ್ಕು ಅಂಕಿಯ ಸಂಖ್ಯೆ ಜಾಡಿಯ ಮೇಲಿರಬೇಕು. ವಾಟ್ಸ್‌ಆ್ಯಪ್ ಸಂಸ್ಥೆ ಸಣ್ಣ ವ್ಯಾಪಾರಿಗಳಿಗೆಂದು 2018ರಲ್ಲಿ ಹೊರತಂದ ಬೇರೆಯೇ ಆ್ಯಪ್ ಒಂದಿದೆ. ಅದರಲ್ಲಿ ಸರಕಿನ ಪಟ್ಟಿ ತೂಗುಹಾಕಬಹುದು, ಗಿರಾಕಿಗಳನ್ನು ಹೊಸಬರು, ಹಣ ಕೊಟ್ಟವರು, ಕಳುಹಿಸಿ ಆದವರು ಎಂದು ವಿಂಗಡಿಸಬಹುದು, ರಾತ್ರಿ ಅಂಗಡಿ ಮುಚ್ಚಿದೆಯೆಂದು ಹೇಳಿಸಬಹುದು. 2016ರಲ್ಲಿ ಬಂದ ಯುಪಿಐಯಿಂದಾಗಿ ಹಣದ ವಹಿವಾಟು ಹಿಂದಿನ ಮನಿಯಾರ್ಡರಿನಷ್ಟು ತಡವಾಗುವುದಿಲ್ಲ. ಗಾಜಿನ ಜಾಡಿಯಿಂದ ಎಣ್ಣೆ ಸೋರಿ ಎರಡು ಕಟ್ಟು ಹಾಳಾದ ಮೇಲೆ, ಒಳಮುಚ್ಚಳ ಬಿಗಿದ ಹಗುರ ಡಬ್ಬಿಗೆ ಬದಲಾಯಿಸಿದಳು. ಹಾಳಾದ ಕಟ್ಟಿನ ಚಿತ್ರವನ್ನು ತಾನೇ ಎಲ್ಲರಿಗೂ ತೋರಿಸಿ, ಬೇರೆ ಕಳುಹಿಸಿದ್ದೇನೆಂದು ಬರೆದಳು. ನಗುತ್ತ ನಿಂತ ಚಿತ್ರಕ್ಕಿಂತ ಆ ಚಿತ್ರದಿಂದ ಅವಳಿಗೆ ಹೆಚ್ಚು ಗಿರಾಕಿಗಳು ಬಂದರು.

ಇಷ್ಟಾಗಿ, ನಾನು ನಾಚಿಕೆಯಿಂದ ಹೇಳಬೇಕಾದ ಪ್ರಸಂಗವೊಂದಿದೆ.

ಆ ವರ್ಷ ಫಾಲ್ಗುಣದಲ್ಲಿ ಮಿಡಿ ಕೀಳುವಾಗ ಅವಳು ಮರ ಹತ್ತುವ ಮುದುಕನ ಒಪ್ಪಿಗೆ ಪಡೆದು ಅವನ ಕೆಲಸವನ್ನು ಫೋನಿನಲ್ಲಿ ಸೆರೆಹಿಡಿದಿದ್ದಳು. ಆಷಾಢದ ಮಳೆಯಲ್ಲಿ ಬೇರೆ ಕೆಲಸವಿಲ್ಲದೆ ಅದನ್ನು ಹಾಕಿದಳು. ಹೊಳೆಯ ಮೇಲೆ ಬಾಗಿದ ಕೊಂಬೆ, ಹಲ್ಲಿನಲ್ಲಿ ಹಗ್ಗ ಕಚ್ಚಿ ಹಿಡಿದ ಎಪ್ಪತ್ತರ ಮನುಷ್ಯ, ಮಗುವನ್ನು ಇಳಿಸುವಂತೆ ಇಳಿಯುವ ಚೀಲ. ಯಾವ ಘಳಿಗೆಯೋ ಕಾಣೆ, ಅದು ಕಾಡುಗಿಚ್ಚಿನಂತೆ ಹಬ್ಬಿತು. ಹತ್ತು ದಿನದಲ್ಲಿ ನಾಲ್ಕು ಲಕ್ಷ ಸಲ ನೋಡಲ್ಪಟ್ಟಿತು. ಉಪ್ಪಿನಕಾಯಿ ಬೇಕೆಂದು ಏಳುನೂರು ಮಂದಿ ಬರೆದರು. ಮನೆಯಲ್ಲಿ ಉಳಿದಿದ್ದುದು 63 ಜಾಡಿ.

ನಾನು ಅವಳನ್ನು ಕರೆದು ಹೇಳಿದೆ: “ಪೇಟೆಯಲ್ಲಿ ದಲ್ಲಾಳಿಗಳ ಬಳಿ ಉಪ್ಪಿನಲ್ಲಿ ಹಾಕಿಟ್ಟ ಮಿಡಿ ಸಿಗುತ್ತದೆ. ಕೊಂಡು ಮಸಾಲೆ ಹಾಕಿ ತುಂಬು. ಯಾರಿಗೆ ಗೊತ್ತಾಗುತ್ತದೆ? ಬಂದ ಭಾಗ್ಯವನ್ನು ಕಾಲಿನಿಂದ ಒದೆಯಬೇಡ.” ಮೂವತ್ತೆರಡು ವರ್ಷ ಮಕ್ಕಳಿಗೆ ಸತ್ಯವನ್ನು ಬೋಧಿಸಿದವನು ನಾನು. ಕೊಟ್ಟ 40,000 ರೂಪಾಯಿ ಕಣ್ಣ ಮುಂದೆ ಕುಣಿಯುತ್ತಿತ್ತೋ, ಅಥವಾ ನಾಲ್ಕು ಲಕ್ಷವೆಂಬ ಸಂಖ್ಯೆಯ ಅಮಲು ನನಗೂ ಏರಿತ್ತೋ, ಹೇಳಲಾರೆ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಮಾವ, ಅವರು ಕೊಳ್ಳಲು ಬಂದದ್ದು ಆ ಮರದ ಮಿಡಿಯನ್ನು. ತೊಟ್ಟಿಲ್ಲದ ಮಿಡಿ ಯಾವುದು ಅಂತ ಗುರುತಿಸೋದನ್ನು ನಾನೇ ಅವರಿಗೆ ಕಲಿಸಿಕೊಟ್ಟಿದ್ದೇನೆ” ಎಂದಳು.

ನನಗೆ ಉತ್ತರ ಹೊಳೆಯಲಿಲ್ಲ. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದಂತೆ ಎಂಬ ಗಾದೆಯನ್ನು ನಾನು ಎಷ್ಟು ಸಲ ಹಲಗೆಯ ಮೇಲೆ ಬರೆದು ವಿವರಿಸಿದ್ದೇನೋ! ಅದರ ಅರ್ಥವನ್ನು ಅರುವತ್ತೆಂಟನೆಯ ವಯಸ್ಸಿನಲ್ಲಿ ತಂಗಿಯ ಮಗಳಿಂದ ಕಲಿಯಬೇಕಾಯಿತು. ಅವಳು 63 ಜಾಡಿಯನ್ನು ಮೊದಲು ಕೇಳಿದ ಸರದಿಯಂತೆ ಕಳುಹಿಸಿದಳು. ಉಳಿದವರಿಗೆಲ್ಲ, ಈ ವರ್ಷದ್ದು ಮುಗಿಯಿತು, ಮಿಡಿ ವರ್ಷಕ್ಕೊಮ್ಮೆ ಮಾತ್ರ ಬರುತ್ತದೆ, ಹೆಸರು ಕೊಟ್ಟರೆ ಮುಂದಿನ ಯುಗಾದಿಯ ನಂತರ ತಿಳಿಸುತ್ತೇನೆ ಎಂದು ಬರೆದಳು. ಕೆಲವರು ಬೈದರು. ಬಹುಮಂದಿ ಉತ್ತರವನ್ನೇ ಬರೆಯಲಿಲ್ಲ. 212 ಮಂದಿ ಹೆಸರು ಕೊಟ್ಟರು. ಅದನ್ನು ಅವಳು ಫೋನಿನಲ್ಲಿ ಬಿಡಲಿಲ್ಲ. ಅಂಗಡಿಯಿಂದ ಉದ್ದನೆಯ ಖಾತೆಪುಸ್ತಕ ತಂದು ಹೆಸರು, ಊರು, ಫೋನು, ಖಾರ ಹೆಚ್ಚೋ ಕಡಿಮೆಯೋ ಎಂದು ಮಸಿಯಿಂದ ಬರೆದಿಟ್ಟಳು. ಮರುವರ್ಷ ಆ 212ರಲ್ಲಿ 131 ಮಂದಿ ಕೊಂಡರು. ಅವರಲ್ಲಿ 74 ಮಂದಿ ಎರಡನೆಯ ಸಲವೂ ಕೊಂಡರು. ನಾಲ್ಕು ಲಕ್ಷ ಕಣ್ಣುಗಳು ಸೋಸಿ ಸೋಸಿ ಕೊನೆಗೆ ಎಪ್ಪತ್ತನಾಲ್ಕು ಮನೆಗಳಾದವು. ಅವಳ ಉದ್ಯಮ ಇಂದು ನಿಂತಿರುವುದು ಆ ಎಪ್ಪತ್ತನಾಲ್ಕು ಮನೆಗಳ ಮೇಲೆ.

ಆ ಖಾತೆಪುಸ್ತಕದ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮೂರಿನ ಮಾರಿಕಾಂಬಾ ಜಾತ್ರೆ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. ಆಗ ಬಯಲಿನಲ್ಲಿ ಅಂಗಡಿ ಹಾಕಿದವರಿಗೆ ಜನಸಾಗರವೇ ಸಿಗುತ್ತದೆ. ಆದರೆ ಬಯಲು ಅಂಗಡಿಯವನದಲ್ಲ. ಯಾವ ಮೂಲೆಯಲ್ಲಿ ಕೂರಬೇಕು, ಎಷ್ಟು ಬಾಡಿಗೆ, ಎಂದು ಎದ್ದು ಹೋಗಬೇಕು ಎಂಬುದನ್ನೆಲ್ಲ ಬೇರೆಯವರು ನಿಶ್ಚಯಿಸುತ್ತಾರೆ. ಜಾಲತಾಣವೂ ಅಂಥದೇ ಬಯಲು. ಅದು ಉಚಿತವೆಂದು ನಾವು ಭಾವಿಸುತ್ತೇವೆ. ಆದರೆ 2012ರಲ್ಲಿ ಇನ್‌ಸ್ಟಾಗ್ರಾಂ ಅನ್ನೂ 2014ರಲ್ಲಿ ವಾಟ್ಸ್‌ಆ್ಯಪ್ ಅನ್ನೂ ಕೊಂಡ ಫೇಸ್‌ಬುಕ್ ಸಂಸ್ಥೆಯ—2021ರಿಂದ ಅದರ ಹೆಸರು ಮೆಟಾ—ಆದಾಯದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಬರುವುದು ಜಾಹೀರಾತಿನಿಂದ. ಮೂರು ಬಯಲುಗಳ ಒಡೆತನ ಒಬ್ಬನದೇ. ಅವನ ಬದುಕು ನಡೆಯುವುದು, ಮುಂದಿನ ಸಾಲಿನಲ್ಲಿ ಕೂರಲು ನಾವು ಕೊಡುವ ಹಣದಿಂದ. ಯಾರ ಚಿತ್ರ ಯಾರಿಗೆ ಕಾಣಬೇಕೆಂಬುದನ್ನು ಯಂತ್ರವೊಂದು ಲೆಕ್ಕ ಹಾಕುತ್ತದೆ: ಎಷ್ಟು ಹೊತ್ತು ನೋಡಿದರು, ಮೆಚ್ಚಿದರೆ, ಇನ್ನೊಬ್ಬರಿಗೆ ಕಳುಹಿಸಿದರೆ ಎಂದು. ಆ ಲೆಕ್ಕದ ಸೂತ್ರ ಇಂದಿನಂತೆ ನಾಳೆ ಇರುವುದಿಲ್ಲ. ನಿನ್ನೆ ಸಾವಿರ ಮಂದಿಗೆ ಕಂಡದ್ದು ಇಂದು ನಲವತ್ತು ಮಂದಿಗೆ ಕಂಡರೆ ಕೇಳಲು ಅಮಲ್ದಾರರ ಕಚೇರಿಯಿಲ್ಲ.

ಇದು ಬರಿಯ ಊಹೆಯ ಭಯವಲ್ಲ. 2020ರ ಜೂನ್ 29ರಂದು ಭಾರತ ಸರಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿತು. ನಿಷೇಧದ ಕಾರಣಗಳು ದೇಶದ ಭದ್ರತೆಗೆ ಸಂಬಂಧಿಸಿದವು. ಅದರ ವಿಮರ್ಶೆ ಇಲ್ಲಿ ಬೇಕಾಗಿಲ್ಲ. ಆದರೆ ವರ್ಷಗಟ್ಟಲೆ ಅಲ್ಲಿ ಕುಳಿತು ಲಕ್ಷಾಂತರ ಜನರನ್ನು ಕೂಡಿಸಿಕೊಂಡಿದ್ದವರಿಗೆ, ಬೆಳಗಾಗುವುದರೊಳಗೆ ಬಯಲೇ ಇಲ್ಲವಾಯಿತು. ತಮ್ಮ ಜನರ ಹೆಸರು ಊರುಗಳನ್ನು ಬೇರೆಡೆ ಬರೆದಿಟ್ಟುಕೊಂಡವರು ಮತ್ತೊಂದು ಬಯಲಿಗೆ ಗಂಟು ಹೊತ್ತರು. ಉಳಿದವರು ಮೊದಲಿನಿಂದ ಆರಂಭಿಸಬೇಕಾಯಿತು. ಮರುವರ್ಷ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಒಮ್ಮೆಗೇ ಸುಮಾರು ಆರು ಗಂಟೆಗಳ ಕಾಲ ಜಗತ್ತಿನಾದ್ಯಂತ ಸ್ತಬ್ಧವಾದವು. ನಮ್ಮಲ್ಲಿ ಆಗ ರಾತ್ರಿಯಾದ್ದರಿಂದ ಬಹುಮಂದಿಗೆ ಅದರ ಬಿಸಿ ತಟ್ಟಲಿಲ್ಲ. ಹಗಲಾಗಿದ್ದರೆ ಎಷ್ಟು ಅಂಗಡಿಗಳು ಬಾಗಿಲು ತೆರೆದೂ ಮುಚ್ಚಿದಂತಿರುತ್ತಿದ್ದವೋ! ಆದುದರಿಂದ ಜಾಲತಾಣವನ್ನು ಕಲಿಯಹೊರಟವರಿಗೆ ನನ್ನ ಮೊದಲ ಸಲಹೆ ಕಾಗದಕ್ಕೆ ಸಂಬಂಧಿಸಿದ್ದು. ಬಯಲಿನಲ್ಲಿ ಗಿರಾಕಿಯನ್ನು ಕಾಣಿರಿ. ಕಂಡವನ ಒಪ್ಪಿಗೆ ಪಡೆದು ಹೆಸರನ್ನು ನಿಮ್ಮ ಖಾತೆಗೆ ತನ್ನಿರಿ. ಆ ಹೆಸರನ್ನು ಬೇರೆಯವರಿಗೆ ಕೊಡಬೇಡಿರಿ, ಮಾರಬೇಡಿರಿ. ಅದು ನಿಮ್ಮಲ್ಲಿಟ್ಟ ಅಡವು.

ಬಯಲಿನಲ್ಲಿ ಕಳ್ಳರೂ ಇದ್ದಾರೆ. ಹಣ ಕಳುಹಿಸಿದ್ದೇವೆಂದು ಸುಳ್ಳು ಚಿತ್ರ ತೋರಿಸುವವರು ಒಂದು ಬಗೆ. ಬ್ಯಾಂಕಿನ ಖಾತೆಯಲ್ಲಿ ಹಣ ಬಿದ್ದದ್ದನ್ನು ಕಣ್ಣಾರೆ ನೋಡದೆ ಸರಕು ಕಳುಹಿಸಬಾರದು. ‘ನಿಮಗೆ ಹಣ ಬರಲು ನಿಮ್ಮ ಪಿನ್ ಒತ್ತಿ’ ಎನ್ನುವವರು ಇನ್ನೊಂದು ಬಗೆ. ಹಣ ಪಡೆಯುವುದಕ್ಕೆ ಪಿನ್ ಒತ್ತುವ ಅಗತ್ಯ ಎಂದೂ ಇಲ್ಲ. ಮೋಸವಾದರೆ ಹಿಂಜರಿಯದೆ 1930ಕ್ಕೆ ಫೋನು ಮಾಡಬೇಕು. ತಡವಾದಷ್ಟೂ ಹಣ ಕೈಮೀರುತ್ತದೆ. ಮೂರನೆಯ ಬಗೆಯವರು ಕಳ್ಳರೆಂದು ತೋರದ ಕಳ್ಳರು. ಹಣಕೊಟ್ಟು ಹೊಗಳಿಕೆ ಬರೆಸಿಕೊಳ್ಳುವವರು, ತಿನ್ನದ ಪದಾರ್ಥವನ್ನು ತಿಂದೆನೆಂದು ಬಾಯಿ ಚಪ್ಪರಿಸುವವರು. ಇಂಥದಕ್ಕೆ ಕಡಿವಾಣ ಹಾಕಲು 2022ರಲ್ಲಿ ಭಾರತೀಯ ಮಾನಕ ಬ್ಯೂರೋ ಗ್ರಾಹಕರ ಅಭಿಪ್ರಾಯಗಳ ವಿಷಯದಲ್ಲಿ ಒಂದು ಮಾನಕವನ್ನು ಹೊರಡಿಸಿತು. 2023ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ, ಹಣ ಅಥವಾ ಉಡುಗೊರೆ ಪಡೆದು ಹೊಗಳುವವರು ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂಬ ಮಾರ್ಗಸೂಚಿಯನ್ನು ಪ್ರಕಟಿಸಿತು. ನಿಯಮ ಬಂದಿತೆಂದು ಸುಳ್ಳು ನಿಲ್ಲಲಿಲ್ಲ. ಆದರೆ ಸಣ್ಣ ವ್ಯಾಪಾರಿ ಈ ದಾರಿ ಹಿಡಿಯಬಾರದೆನ್ನುವುದಕ್ಕೆ ಕಾನೂನಿಗಿಂತ ಹತ್ತಿರದ ಕಾರಣವೊಂದಿದೆ. ದೊಡ್ಡ ಕಂಪನಿಯ ಹೆಸರು ಒಂದು ಸುಳ್ಳಿನಿಂದ ಸವೆಯುವುದಿಲ್ಲ. ಎಪ್ಪತ್ತನಾಲ್ಕು ಮನೆಗಳ ಮೇಲೆ ನಿಂತ ಹೆಸರು ಒಂದೇ ಸುಳ್ಳಿಗೆ ಕುಸಿಯುತ್ತದೆ.

ಇದರ ಇನ್ನೊಂದು ಬೆಲೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂತೆ ಸಂಜೆಗೆ ಮುಗಿಯುತ್ತದೆ. ಈ ಸಂತೆ ಮುಗಿಯುವುದೇ ಇಲ್ಲ. ರಾತ್ರಿ ಹನ್ನೊಂದು ಗಂಟೆಗೆ ಅಮೆರಿಕದಿಂದ ಒಬ್ಬರು, ಬೆಳಗಿನ ಐದಕ್ಕೆ ಬೆಂಗಳೂರಿನಿಂದ ಇನ್ನೊಬ್ಬರು ಕೇಳುತ್ತಾರೆ. ಅತ್ತೆಗೆ ಔಷಧಿ ಕೊಡುವ ಹೊತ್ತಿನಲ್ಲಿ ಫೋನು ಮಿಣುಕುತ್ತದೆ. ಹೆಂಗಸು ಅಂಗಡಿ ನಡೆಸುತ್ತಾಳೆಂದು ತಿಳಿದೊಡನೆ ಉಪ್ಪಿನಕಾಯಿಗೆ ಸಂಬಂಧಿಸದ ಮಾತುಗಳೂ ಬರುತ್ತವೆ. ಮೊದಲ ವರ್ಷ ಅವಳು ಎಲ್ಲಕ್ಕೂ ಉತ್ತರಿಸಲು ಹೋಗಿ ಬಡವಾದಳು. ಈಗ ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು ಮಾತ್ರ ಅಂಗಡಿ ತೆರೆಯುತ್ತಾಳೆ. ಕೆಟ್ಟ ಮಾತಿನವರನ್ನು ಒಂದು ಬೆರಳಿನಿಂದ ಹೊರಗಟ್ಟುತ್ತಾಳೆ. ಗಿರಾಕಿ ಕಡಿಮೆಯಾದನೇ ಎಂದು ಕೇಳಿದೆ. “ಕಾಯುವವರು ಕಾಯುತ್ತಾರೆ ಮಾವ, ಮಿಡಿಯನ್ನೇ ವರ್ಷವಿಡೀ ಕಾಯುತ್ತಾರಲ್ಲ” ಎಂದಳು.

ಊರೂರುಗಳಲ್ಲಿ ಮಹಿಳೆಯರ ಸ್ವಸಹಾಯ ಸಂಘಗಳು ಹಪ್ಪಳ, ಸಂಡಿಗೆ, ಬುಟ್ಟಿ, ಕೌದಿ ಮಾಡಿ ಮಾರುತ್ತಿವೆ. ಅವರಿಗೆ ಜಾಲತಾಣದ ಬಳಕೆ ಕಲಿಸಬೇಕೆಂಬ ಉತ್ಸಾಹ ಈಗ ಎಲ್ಲೆಡೆ ಕಾಣುತ್ತಿದೆ, ಸಂತೋಷ. ನಾನು ಕುತೂಹಲದಿಂದ ಅಂಥ ಒಂದು ತರಬೇತಿಯಲ್ಲಿ ಅರ್ಧ ದಿನ ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಖಾತೆ ತೆರೆಯುವುದು ಹೇಗೆ, ಯಾವ ಗುಂಡಿ ಒತ್ತಬೇಕು, ಹಾಡು ಸೇರಿಸುವುದು ಹೇಗೆ ಎಂಬುದನ್ನು ಚೆನ್ನಾಗಿ ಹೇಳಿಕೊಟ್ಟರು. ಆದರೆ ಒಂದು ಹಪ್ಪಳದ ಕಟ್ಟಿಗೆ ತಗಲುವ ನಿಜವಾದ ಖರ್ಚು ಎಷ್ಟು, ಅಂಚೆಯ ದರ ಸೇರಿಸಿದರೆ ಉಳಿಯುವುದೆಷ್ಟು, ಇನ್ನೂರು ಕಟ್ಟು ಮಾಡಬಲ್ಲವರಿಗೆ ಎರಡು ಸಾವಿರ ಕಟ್ಟಿನ ಬೇಡಿಕೆ ಬಂದರೆ ಏನು ಉತ್ತರ ಬರೆಯಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ಗುಂಡಿ ಒತ್ತುವುದನ್ನು ಮನೆಯ ಮಕ್ಕಳೇ ಹತ್ತು ನಿಮಿಷದಲ್ಲಿ ಕಲಿಸಿಯಾರು. ಕಲಿಸಬೇಕಾದುದು ಲೆಕ್ಕವನ್ನು, ಪತ್ರಕ್ಕೆ ಉತ್ತರ ಬರೆಯುವ ರೀತಿಯನ್ನು, ಮತ್ತು ಎಲ್ಲಕ್ಕಿಂತ ಕಷ್ಟದ್ದಾದ ‘ಇಲ್ಲ’ ಎನ್ನುವುದನ್ನು. ಬೇಡಿಕೆ ಬಂದಾಗ ಇಲ್ಲವೆನ್ನಲಾರದೆ ಕೆಟ್ಟ ಸರಕು ಕಳುಹಿಸಿ ಮುಚ್ಚಿಹೋದ ಸಣ್ಣ ಉದ್ಯಮಗಳನ್ನು ನಮ್ಮ ಸುತ್ತಮುತ್ತಲೇ ನೋಡಿದ್ದೇನೆ. ಬೇಡಿಕೆಯಿಲ್ಲದೆ ಅವು ಸಾಯಲಿಲ್ಲ. ಬೇಡಿಕೆ ಬಂದು ಸತ್ತವು.

ಹಾಗೆಂದು ಜಾಲತಾಣಕ್ಕೆ ಬೆನ್ನು ತೋರಿಸಿರೆಂದು ನಾನು ಹೇಳುತ್ತಿಲ್ಲ. ಹಳ್ಳಿಯ ಅಡಿಗೆಮನೆಯಲ್ಲಿ ಕುಳಿತ ಹೆಂಗಸೊಬ್ಬಳು ದಲ್ಲಾಳಿಯ ಕೃಪೆಯಿಲ್ಲದೆ ಪುಣೆಯ ಮನೆಯೊಂದರ ಊಟದ ಎಲೆಗೆ ತನ್ನ ಕೈರುಚಿಯನ್ನು ಮುಟ್ಟಿಸಬಲ್ಲಳೆಂಬುದು ಸಾಮಾನ್ಯ ಸಂಗತಿಯಲ್ಲ. ನನ್ನ ತಾಯಿಯ ಕೈಯಲ್ಲಿ ಇದಕ್ಕಿಂತ ಕಡಿಮೆ ರುಚಿ ಇರಲಿಲ್ಲ; ಆದರೆ ಆಕೆಯ ಮಿಡಿ ನಮ್ಮ ಹೊಸ್ತಿಲು ದಾಟಿದ್ದು ಮಗಳ ಮನೆಗೆ ಹೋಗುವಾಗ ಮಾತ್ರ. ಒಳ್ಳೆಯ ಸರಕು ತಾನಾಗಿಯೇ ಗಿರಾಕಿಯನ್ನು ಕರೆದುಕೊಳ್ಳುತ್ತದೆಂಬ ನನ್ನ ಹಳೆಯ ನಂಬಿಕೆ ನಿಜವಾಗಿದ್ದರೆ, ಆಕೆಯ ಬಾಗಿಲಿಗೆ ಜನ ಬರಬೇಕಾಗಿತ್ತು. ಬರಲಿಲ್ಲ. ಆಕೆಗೆ ಬಯಲು ಇರಲಿಲ್ಲ. ಮೊಮ್ಮಗಳಿಗೆ ಇದೆ, ಪರರದ್ದಾದರೂ ಇದೆ.

ಈ ವರ್ಷದ ಮಿಡಿ ಬಂದಿಳಿದ ದಿನ ನಾನು ಅವಳ ಮನೆಯಲ್ಲಿದ್ದೆ. ಮರ ಹತ್ತುವ ಮುದುಕ ಈಗ ಕೆಳಗೆ ನಿಂತು ಮೊಮ್ಮಗನಿಗೆ ಹೇಳಿಕೊಡುತ್ತಾನಂತೆ. ಅವನ ಕೂಲಿ ಹೆಚ್ಚಾಗಿದೆ. ಚಾಪೆಯ ಮೇಲೆ ಮಿಡಿ ಹರವಿ ತೊಟ್ಟಿದ್ದದ್ದು, ಇಲ್ಲದ್ದು ಎಂದು ಆರಿಸುತ್ತಿದ್ದರು. ನನಗೂ ಒಂದು ಬುಟ್ಟಿ ಕೊಟ್ಟು ಕೂರಿಸಿದಳು. ಎರಡು ತಾಸಿನಲ್ಲಿ ಸೊಂಟ ಹಿಡಿಯಿತು. ಏಳುವ ಮೊದಲು ತೊಟ್ಟು ಮುರಿದ ನಾಲ್ಕೈದು ಮಿಡಿಗಳು ನನ್ನ ಅವಸರದಲ್ಲಿ ಒಳ್ಳೆಯದರ ರಾಶಿಗೆ ಸೇರಿದ್ದುದನ್ನು ಅವಳು ಕಂಡಳು. ಏನೂ ಅನ್ನದೆ ಒಂದೊಂದಾಗಿ ಆರಿಸಿ ತೆಗೆದು ಮನೆಯ ಅಡಿಗೆಗೆಂದು ಪಕ್ಕಕ್ಕಿಟ್ಟಳು.